ಉಸುರು ಎಲ್ಲಿ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಕಥೆ ಬರೆಯುವವರು, ಹಾಡು ಕಟ್ಟುವವರು ಸ್ಫೂರ್ತಿಗೆ ಕಾಯುತ್ತಾರಾ, ಇಲ್ಲಾ ದಿನಾ ಕೂತು ಬರೆಯುತ್ತಾರಾ? ಶುರು ಮಾಡುವುದು ಎಲ್ಲಿಂದ?

ನಾನು ದೊಡ್ಡ ಸಾಹಿತಿ ಏನಲ್ಲ. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಅಮಾವಾಸ್ಯೆ ರಾತ್ರಿ ನಮ್ಮ ಓಣಿಯ ಭಜನೆಯಲ್ಲಿ ತಾಳ ಹಾಕುತ್ತೇನೆ. ಆಗೊಂದು ಈಗೊಂದು ಪದ ಕಟ್ಟುತ್ತೇನೆ. ವರ್ಷಕ್ಕೊಂದು ಕಥೆ ಬರೆದರೆ ಜಾಸ್ತಿ.

ಸ್ಫೂರ್ತಿಯ ಮಾತು ಬೇಗ ಮುಗಿಸುತ್ತೇನೆ. ಅದು ಬರುತ್ತೆ, ಆದರೆ ಹತ್ತಿ ಸೀಜನ್ನಿನಲ್ಲೇ ಬರುತ್ತೆ, ತಲೆ ಕೆರೆಯಲೂ ಪುರುಸೊತ್ತಿಲ್ಲದಾಗ. ರದ್ದಾದ ಪಟ್ಟಿಯ ಹಿಂದೆ ಒಂದು ಸಾಲು ಗೀಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಅರ್ಧ ಚೀಟಿಗಳು ಅಂಗಿ ಜೊತೆ ತೊಳೆದು ಹೋಗುತ್ತವೆ. ಹೋಗಲಿ ಬಿಡಿ.

ನಾನು ನಿಜಕ್ಕೂ ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ನಾಲ್ಕೈದು ವರ್ಷದ ಹಿಂದೆ ನೀರಿನ ಮೇಲೆ ಒಂದು ತತ್ವಪದ ಕಟ್ಟಿದ್ದೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ನಮ್ಮ ಕೊಡ ಖಾಲಿ ಅನ್ನುವ ಅರ್ಥದ್ದು. ಹಾಳೆಯ ಮೇಲೆ ಚೆಂದ ಕಾಣುತ್ತಿತ್ತು. ಪೇಟಿ (ಹಾರ್ಮೋನಿಯಂ) ನುಡಿಸುವ ಹಿರಿಯರ ಮುಂದಿಟ್ಟೆ. ಅವರು ಪೇಟಿಯ ಎರಡನೇ ಕರಿ ಮನೆಯ ಶ್ರುತಿ ಹಿಡಿದು ಹಾಡುತ್ತಾ ಬಂದರು. ಮೂರನೇ ಸಾಲಿಗೆ ಪೇಟಿ ನಿಂತಿತು. "ಅಲ್ಲೋ ತಮ್ಮಾ, ಇಲ್ಲಿ ಉಸುರು ಎಲ್ಲಿ ತಗೊಳ್ಳಲಿ?" ಅಂದರು.

ನನ್ನ ಸಾಲು ಹೀಗಿತ್ತು: 'ಎರಡು ಹೊಳೆಗಳ ನಟ್ಟನಡುವಿನ ಬಟ್ಟಬಯಲಲಿ ಕೊಟ್ಟ ಕೊಡವಿದು ಬತ್ತಿ ಬರಿದು.' ಮೇಲಿಂದ ಮೇಲೆ ಒತ್ತಕ್ಷರ, ಎಳೆಯುವುದಕ್ಕೆ ಒಂದೂ ದೀರ್ಘವಿಲ್ಲ. ಅವರು ಅಲ್ಲೇ ಕತ್ತರಿಸಿದರು: 'ಎರಡು ಹೊಳಿ ನಡುವೆ ಬರಿದಾತೋ ಕೊಡಾ.' ಆ 'ಕೊಡಾ' ಎಳೆದು ನಮ್ಮ ಕಡೆ ಕೈ ಮಾಡಿದರು. ಹನ್ನೆರಡು ಮಂದಿ ಎತ್ತಿಕೊಂಡರು. ಅಷ್ಟರಲ್ಲಿ ಅವರಿಗೆ ಉಸಿರು ಸಿಕ್ಕಿತ್ತು.

ಆಮೇಲೆ ಹಳೆಯವರನ್ನು ಓದುವಾಗಲೆಲ್ಲ ಇದನ್ನೇ ಹುಡುಕುತ್ತೇನೆ. ನಮ್ಮ ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು ಹರಿಕಥಾಮೃತಸಾರ ಕಟ್ಟಿದ್ದು ಭಾಮಿನಿ ಷಟ್ಪದಿಯಲ್ಲಿ, ಅಂದರೆ ಆರು ಸಾಲಿನ ಪದ್ಯದಲ್ಲಿ. ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆಯ ಎರಡು ಸಾಲು. ಮೂರನೆಯದು ಅದರ ಒಂದೂವರೆ ಪಟ್ಟು, 21, ಮೇಲೊಂದು ಗುರು, ಅಂದರೆ ಎರಡು ಮಾತ್ರೆ, ಒಟ್ಟು 23. ಉಳಿದ ಮೂರು ಸಾಲೂ ಹೀಗೇ. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಆ ಗುರುವನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಹಾಡಿದಾಗ ಗೊತ್ತಾಯಿತು, ಅದು ನಿಲ್ಲುವ ಜಾಗ. ಬಿಸಿಲಲ್ಲಿ ನಡೆದು ಬಂದವನು ಕಟ್ಟೆ ಮೇಲೆ ಕೂತ ಹಾಗೆ.

ದಾಸರಿಗೆ ಇನ್ನೊಂದು ಅನುಕೂಲವೂ ಇತ್ತು. ಚೀಕಲಪರ್ವಿಯ ವಿಜಯದಾಸರು ಪದ ಎತ್ತಿಕೊಳ್ಳುವಾಗಲೇ ಅದು 'ವಿಜಯವಿಠ್ಠಲ' ಅಂಕಿತಕ್ಕೆ, ಅಂದರೆ ಪದದ ಕೊನೆಗೆ ಬರುವ ತಮ್ಮ ಗುರುತಿನ ಹೆಸರಿಗೆ, ಹೋಗಿ ಮುಟ್ಟಬೇಕೆಂದು ಗೊತ್ತು. ಕೊನೆ ನಿಲ್ದಾಣ ಗೊತ್ತಿದ್ದವರಿಗೆ ದಾರಿ ಸುತ್ತುವ ಧೈರ್ಯ ಬರುತ್ತೆ, ಅಲ್ವಾ? ಈ ಉಪಾಯವನ್ನು ನಾನು ಕಥೆಗೆ ಕದ್ದೆ. ಕೊನೆಯ ಮಾತನ್ನು ಮೊದಲೇ ಹಾಳೆಯ ಕೆಳಗೆ ಬರೆದಿಡುತ್ತೇನೆ. ಕಥೆ ಮುಗಿದಾಗ ಎಷ್ಟೋ ಸಲ ಅದನ್ನೇ ಹೊಡೆದು ಹಾಕುತ್ತೇನೆ, ಅದು ಬೇರೆ ಮಾತು.

ಬರೆಯದೇ ಕಟ್ಟುವವರನ್ನು ನೋಡಿದರೆ ನಮ್ಮ ಪೆನ್ನು ಪೇಪರಿನ ಗೋಳು ನಗೆ ತರಿಸುತ್ತದೆ. ಬಳ್ಳಾರಿ ಜಿಲ್ಲೆಯ ದರೋಜಿಯ ಬುರ್ರಕಥಾ ಈರಮ್ಮನವರು ಓದು ಬರಹ ಕಲಿತವರಲ್ಲ. 2014ರಲ್ಲಿ ತೀರಿಕೊಂಡರು. ಕುಮಾರರಾಮ, ಬಾಲನಾಗಮ್ಮನಂಥ ಉದ್ದುದ್ದ ಕಥೆಗಳು ಅವರ ಬಾಯಲ್ಲೇ ಇದ್ದವು. ಎಂಥ ನೆನಪಿನ ಶಕ್ತಿ ಅಂತ ಎಲ್ಲರೂ ಹೊಗಳುತ್ತಾರೆ. ನೆನಪೊಂದೇ ಅಲ್ಲ ಅನ್ನುತ್ತೇನೆ ನಾನು. ಬುರ್ರಕಥೆಯಲ್ಲಿ ಕಥೆ ನಡೆಸುವವರು ಒಬ್ಬರಾದರೆ, ಪಕ್ಕದಲ್ಲಿ ವಾದ್ಯ ಬಾರಿಸುತ್ತಾ ದನಿಗೂಡಿಸುವವರು ಇರುತ್ತಾರೆ. ಅವರು ಸೊಲ್ಲು ಹಿಡಿದು ಎಳೆಯುವಷ್ಟರಲ್ಲಿ ಕಥೆ ನಡೆಸುವವರಿಗೆ ಉಸಿರೂ ಸಿಗುತ್ತೆ, ಮುಂದಿನ ಸಾಲೂ ಸಿಗುತ್ತೆ. ದಂಡು ಹೊರಡುವುದು, ತಾಯಿ ಅಳುವುದು, ಇಂಥವಕ್ಕೆ ಕಟ್ಟಿಟ್ಟ ಸಾಲುಗಳಿರುತ್ತವೆ. ಜನ ತೂಕಡಿಸಿದರೆ ನಗೆಯ ಭಾಗ ಉದ್ದವಾಗುತ್ತೆ. ಕಥೆ ಹಳೆಯದೇ, ಆದರೆ ಆ ರಾತ್ರಿ ಮತ್ತೆ ಕಟ್ಟುತ್ತಾರೆ.

ಗದ್ಯಕ್ಕೆ ಈ ಲೆಕ್ಕ ಬೇಡ ಅನ್ನಬೇಡಿ. ವಚನಕ್ಕೆ ಗೊತ್ತಾದ ಛಂದಸ್ಸಿಲ್ಲ, ಆದರೂ ನಮ್ಮ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಅದನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದರು. ಆ ಮಾತಿನೊಳಗೇ ನಿಲ್ಲುವ ಜಾಗಗಳಿದ್ದವು.

ಹಾಗಾಗಿ ನೀವು ಖಾಲಿ ಹಾಳೆ ನೋಡುತ್ತಾ ಕೂರಬೇಡಿ. ಮೊದಲ ಸಾಲನ್ನು ಬಾಯಿಬಿಟ್ಟು ಹೇಳಿ, ಗಾಡಿ ಓಡಿಸುವಾಗಲೋ ಸ್ನಾನ ಮಾಡುವಾಗಲೋ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ಒಂದು ಶಬ್ದ ಹೆಚ್ಚಾಗಿದೆ ಅಂತ. ನಾನು ಒಂದು ಪ್ಯಾರಾ ಮುಗಿದ ಮೇಲೆ ಜೋರಾಗಿ ಓದುತ್ತೇನೆ. ಒಳಗಿನಿಂದ ನಮ್ಮ ಮನೆಯವರು "ಯಾರ ಜೊತೆ ಜಗಳ?" ಅಂತ ಕೇಳುತ್ತಾರೆ.

ಆ ನೀರಿನ ಪದ ಈಗಲೂ ನಮ್ಮ ಭಜನೆಯಲ್ಲಿ ಹಾಡುತ್ತೇವೆ. ನಾಲ್ಕು ಸಾಲಿನ ನುಡಿ, ಮೂರು ನನ್ನವು, ಆ ಮೂರನೆಯದು ಮಾತ್ರ ಪೇಟಿಯವರದು. ಓಣಿಯ ಹುಡುಗರ ಬಾಯಲ್ಲಿ ಓಡಾಡುತ್ತಿರುವುದು ಅದೊಂದೇ.