ಮಾಸ್‌ಫೆಟ್ ಆಫ್ ಆದರೂ ಎಲ್‌ಇಡಿ ಮಿಣುಕುವುದೇಕೆ?

ಪ್ರಶ್ನೆ: ನನ್ನ ಮೈಕ್ರೋಕಂಟ್ರೋಲರೂ ಸೆನ್ಸರ್ ಮಾಡ್ಯೂಲೂ ಒಂದೇ 3.3 ವೋಲ್ಟ್ ಸಪ್ಲೈನಲ್ಲಿವೆ. ಬ್ಯಾಟರಿ ಉಳಿಸೋಣ ಅಂತ ಮಾಡ್ಯೂಲಿನ ಗ್ರೌಂಡ್ ವೈರಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಫ್540 ಮಾಸ್‌ಫೆಟ್ ಹಾಕಿದೆ. ಆನ್ ಮಾಡಿದರೆ ಸೆನ್ಸರ್ ಒಮ್ಮೊಮ್ಮೆ ಏಳುವುದೇ ಇಲ್ಲ. ಆಫ್ ಮಾಡಿದರೆ ಅದರ ಎಲ್‌ಇಡಿ ಮಂದವಾಗಿ ಉರಿಯುತ್ತಲೇ ಇರುತ್ತದೆ. ಮಾಸ್‌ಫೆಟ್ ಸುಟ್ಟಿದೆಯಾ?

ಉತ್ತರ: ಸುಟ್ಟಿರಲಾರದು. ಮೊದಲು ಡೇಟಾ ವೈರುಗಳನ್ನು ಕಿತ್ತು ನೋಡಿ, ಎಲ್‌ಇಡಿ ಪೂರ್ತಿ ಆರಿದರೆ ಕಳ್ಳ ಸಿಕ್ಕಿದ ಹಾಗೆ. ನೀವು ಗ್ರೌಂಡ್ ಕತ್ತರಿಸಿದ್ದೀರಿ, ಆದರೆ ಪ್ಲಸ್ ಇನ್ನೂ ಮಾಡ್ಯೂಲಿಗೆ ಹೋಗುತ್ತಿದೆ. ಕರೆಂಟಿಗೆ ವಾಪಸ್ ದಾರಿ ಬೇಕಲ್ವಾ? ಸೆನ್ಸರ್ ಚಿಪ್ಪಿನ ಒಳಗೆ ಪ್ರತಿ ಪಿನ್ನಿಗೂ ರಕ್ಷಣೆಗೆ ಅಂತ ಪುಟ್ಟ ಡಯೋಡುಗಳಿರುತ್ತವೆ, ಡೇಟಾ ಪಿನ್ ಲೋನಲ್ಲಿ (0 ವೋಲ್ಟಿನಲ್ಲಿ) ಇದ್ದರೆ ಕರೆಂಟು ಅವುಗಳ ಮೂಲಕವೇ ನುಸುಳಿ ನಿಮ್ಮ ಮೈಕ್ರೋಕಂಟ್ರೋಲರಿನ ಗ್ರೌಂಡಿಗೆ ಸೇರಿಬಿಡುತ್ತದೆ.

ಸೆನ್ಸರ್ ಏಳದಿರುವುದು ಬೇರೆ ಕಥೆ. ಐಆರ್‌ಎಫ್540ರ ಥ್ರೆಶೋಲ್ಡ್ (ಆನ್ ಆಗಲು ಶುರುವಾಗುವ ಗೇಟ್ ವೋಲ್ಟೇಜು; ಗೇಟ್ ಅಂದರೆ ಆನ್-ಆಫ್ ನಿಯಂತ್ರಿಸುವ ಕಾಲು) 2ರಿಂದ 4 ವೋಲ್ಟ್, ಅದೂ 250 ಮೈಕ್ರೋಆಂಪಿಯರ್ ಹರಿಯುವಷ್ಟು ಬಾಗಿಲು ತೆರೆಯಲು ಮಾತ್ರ. ಚೆನ್ನಾಗಿ ಆನ್ ಆಗಲು ಅದು ಗೇಟಿನಲ್ಲಿ 10 ವೋಲ್ಟ್ ಕೇಳುತ್ತದೆ. 3.3ಕ್ಕೆ ಅರ್ಧಂಬರ್ಧ ತೆರೆದು ನಿಲ್ಲುತ್ತದೆ. ಥ್ರೆಶೋಲ್ಡ್ ಅಂಕಿ ನೋಡಿ ಮಾಸ್‌ಫೆಟ್ ಕೊಂಡು ಮೋಸಹೋದವರಲ್ಲಿ ನಾನೂ ಒಬ್ಬ, ಬಿಡಿ.

ಈ ಕೆಲಸಕ್ಕೆ ಎಒ3401ಎ ನಂಥ ಪಿ-ಚಾನೆಲ್ (ಗೇಟು ಸೋರ್ಸಿಗಿಂತ ಕೆಳಗಿಳಿದರೆ ಆನ್ ಆಗುವ) ಮಾಸ್‌ಫೆಟ್ ಹಾಕಿ ಪ್ಲಸ್ ಕಡೆಯನ್ನೇ ಕತ್ತರಿಸಿ. ಗೇಟು ಸೋರ್ಸಿಗಿಂತ 2.5 ವೋಲ್ಟ್ ಕೆಳಗಿದ್ದರೂ ಅದರ ರೆಸಿಸ್ಟೆನ್ಸ್ 0.1 ಓಮ್‌ಗಿಂತ ಕಡಿಮೆ, 50 ಮಿಲಿಆಂಪಿಯರಿಗೆ 5 ಮಿಲಿವೋಲ್ಟೂ ನಷ್ಟವಾಗುವುದಿಲ್ಲ. ಉಳಿದೆರಡು ಕಾಲುಗಳಲ್ಲಿ ಸೋರ್ಸ್ ಸಪ್ಲೈ ಕಡೆಗೆ, ಡ್ರೈನ್ ಮಾಡ್ಯೂಲ್ ಕಡೆಗೆ. ಉಲ್ಟಾ ಹಾಕಿದರೆ ಒಳಗಿನ ಬಾಡಿ ಡಯೋಡ್ ಸದಾ ಕರೆಂಟು ಬಿಡುತ್ತಲೇ ಇರುತ್ತದೆ, ಆಫ್ ಅನ್ನುವುದೇ ಇರುವುದಿಲ್ಲ. ಗೇಟಿಗೂ ಸೋರ್ಸಿಗೂ ನಡುವೆ 100 ಕಿಲೋಓಮ್ ರೆಸಿಸ್ಟರ್ ಇರಲಿ, ರೀಸೆಟ್ ಆಗುವಾಗ ಗೇಟಿಗೆ ಕಟ್ಟಿದ ಮೈಕ್ರೋಕಂಟ್ರೋಲರ್ ಪಿನ್ (ಹೈ, ಲೋ ಎರಡೂ ಅಲ್ಲದೆ) ತೇಲುತ್ತಿದ್ದರೂ ಮಾಸ್‌ಫೆಟ್ ಆಫ್ ಇರುತ್ತದೆ. ಪಿನ್ ಲೋ ಮಾಡಿದರೆ ಆನ್, ಹೈ ಮಾಡಿದರೆ ಆಫ್. ಇದು ತಲೆಕೆಳಗು, ಕೋಡಿನಲ್ಲಿ ಮರೆಯಬೇಡಿ.

ಇಷ್ಟಾದರೂ ಡೇಟಾ ಪಿನ್ ಹೈನಲ್ಲಿ ಬಿಟ್ಟರೆ ಅದೇ ಕಳ್ಳದಾರಿ ಈಗ ಪಿನ್ನಿಗೂ ಪ್ಲಸ್ಸಿಗೂ ನಡುವಿನ ಡಯೋಡಿನಿಂದ ತೆರೆಯುತ್ತದೆ. ಆದ್ದರಿಂದ ಪುಲ್‌ಅಪ್ ರೆಸಿಸ್ಟರುಗಳನ್ನು (ಡೇಟಾ ವೈರನ್ನು ಹೈಗೆ ಎಳೆದಿಡುವವು) ಮಾಸ್‌ಫೆಟ್ ಆದಮೇಲಿನ ಸಪ್ಲೈಗೆ ಕಟ್ಟಿ, ಸೆನ್ಸರ್ ಆಫ್ ಮಾಡುವ ಮುಂಚೆ ಡೇಟಾ ಪಿನ್‌ಗಳನ್ನು ಲೋ ಮಾಡಿ.

ಮುಂದೆ ಮಾಡ್ಯೂಲನ್ನು ನೇರ 4.2 ವೋಲ್ಟಿನ ಲಿಥಿಯಂ ಸೆಲ್ಲಿಗೆ ಹಾಕುವ ಯೋಚನೆಯಿದ್ದರೆ ಪಿನ್ನನ್ನು ಗೇಟಿಗೆ ನೇರವಾಗಿ ಕೊಡಬೇಡಿ. 3.3 ವೋಲ್ಟ್ ಕೊಟ್ಟರೂ ಗೇಟು ಸೋರ್ಸಿಗಿಂತ 0.9 ವೋಲ್ಟ್ ಕೆಳಗೇ ಇರುತ್ತದೆ, ಪೂರ್ತಿ ಆಫ್ ಆಗದೇ ಇರಬಹುದು. ಆಗ ಗೇಟನ್ನು ಕೆಳಗೆಳೆಯಲು ನಡುವೆ 2ಎನ್7002 ಎಂಬ ಒಂದು ಪುಟ್ಟ ಎನ್-ಚಾನೆಲ್ ಮಾಸ್‌ಫೆಟ್ ಸಾಕು. ಅದನ್ನು ಹಾಕಿದ ಮೇಲೆ ಹೈ ಅಂದರೆ ಆನ್.