ಕಾಯಿಲೆ ಅನುಭವಿಸಿದವರು ಅಂತ ಊರಿನ ಮಾನಸಿಕ ಆರೋಗ್ಯ ಸಂಶೋಧನೆಗೆ ಕರೆದಿದ್ದಾರೆ. ಹೋಗಲಾ? ನನ್ನ ಕಥೆ ಎಷ್ಟು ಹೇಳಲಿ?

ಹೋಗಿ. ಆದರೆ ಕಥೆ ಎಷ್ಟು ಹೇಳಬೇಕು ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಬೇಕಾ ಅಂತಲೂ ಕೇಳಿದ್ದೀರಿ, ಅದನ್ನೂ ಇಡಿ. ನಾನೂ ಇವೆರಡನ್ನೇ ತಲೆಗೆ ಹಚ್ಚಿಕೊಂಡು ಹೋದವನು. ಕೇಳಬೇಕಾಗಿದ್ದನ್ನು ಕೇಳಲಿಲ್ಲ.

ನನಗೆ ಡಿಗ್ರಿ ಓದುವಾಗ ಸೈಕೋಸಿಸ್ ಬಂತು. ಧ್ವನಿ ಕೇಳುವುದು, ಎಲ್ಲರ ಮೇಲೂ ಅನುಮಾನ, ನಿದ್ದೆ ಇಲ್ಲ. ಮನೆಯವರು ಮೊದಲು ದೇವಸ್ಥಾನಕ್ಕೆ, ಆಮೇಲೆ ತಾಯತ ಕಟ್ಟುವವರ ಹತ್ತಿರ, ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರನ್ನು ದೂರಲ್ಲ. 1970ರ ದಶಕದಲ್ಲಿ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಅನ್ನುವ ಮನೋವೈದ್ಯರು ನಮ್ಮ ಕರಾವಳಿಯ ಕೋಟದಲ್ಲಿ ಸಮೀಕ್ಷೆ ಮಾಡಿದ್ದರು. ಆಗಲೂ ಜನ ಮೈಮೇಲೆ ದೈವ ಬರುವ ಪಾತ್ರಿ, ಮಂತ್ರವಾದಿ, ನಾಟಿ ವೈದ್ಯ, ಡಾಕ್ಟರು ಅಂತ ಎಲ್ಲರ ಹತ್ತಿರಾನೂ ಹೋಗುತ್ತಿದ್ದರು. ನನಗೆ ರಿಸ್ಪೆರಿಡೋನ್ ಅನ್ನೋ ಮಾತ್ರೆ ಕೊಟ್ಟರು. ಧ್ವನಿ ಕಡಿಮೆ ಆಯಿತು, ಆದರೆ ಕೈ ನಡುಗೋದು, ಹಗಲೆಲ್ಲ ತೂಕಡಿಕೆ. ಕಾಫಿ ಲೋಟ ಹಿಡಿದರೆ ತಟ್ಟೆಗೆ ಚೆಲ್ಲುತ್ತಿತ್ತು. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಕಾಯಿಲೆ ವಾಪಸ್ ಬಂತು. ಆಮೇಲೆ ಡಾಕ್ಟರು ಮಾತ್ರೆ ಬದಲಿಸಿದರು, ಸರಿಹೋಯಿತು.

ಇದಾಗಿ ಕೆಲವು ವರ್ಷಕ್ಕೆ ನಮ್ಮ ಜಿಲ್ಲೆಗೆ ಒಂದು ಸಂಶೋಧನಾ ತಂಡ ಬಂತು. ಹಳ್ಳಿಗಳಲ್ಲಿ ಸೈಕೋಸಿಸ್ ಇರುವವರು ಚಿಕಿತ್ಸೆಯನ್ನು ಅರ್ಧಕ್ಕೆ ಯಾಕೆ ಬಿಡುತ್ತಾರೆ ಅಂತ ತಿಳಿಯುವುದು ಅವರ ಉದ್ದೇಶ. ಈ ಕೆಲಸಕ್ಕೆ ಕರ್ನಾಟಕ ಹೊಸದೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸೈಕೋಸಿಸ್ ಇರುವವರನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಕೆಲಸವೂ ಇದೆ. ಆದರೆ ಪ್ರಶ್ನೆ ಬರೆಯುವಾಗ ಮಾತ್ರೆ ನುಂಗಿದವರನ್ನೂ ಕೂರಿಸಿಕೊಳ್ಳೋದು ಈಗೀಗ ಬರುತ್ತಿರುವ ಅಭ್ಯಾಸ. ಈ ತಂಡ ನನ್ನನ್ನು ‘ಅನುಭವಿ ಸಂಶೋಧಕ’ ಅಂತ ಸೇರಿಸಿಕೊಂಡಿತು. ಆ ಹೆಸರು ಕೇಳಿ ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಈಗ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಪ್ರತಿ ಮನೆಯಲ್ಲೂ ಕೂತ ತಕ್ಷಣ ಹೇಳುತ್ತಿದ್ದೆ: "ನಾನೂ ಇದೇ ಮಾತ್ರೆ ತಗೊಂಡವನಮ್ಮ. ಕೈ ನಡುಗ್ತಿತ್ತು, ತೂಕಡಿಕೆ ಬರ್ತಿತ್ತು, ಅದಕ್ಕೇ ಬಿಟ್ಟುಬಿಟ್ಟಿದ್ದೆ." ಆಮೇಲೆ ಹಾಳೆ ತೆಗೆದು, "ನಿಮ್ಮ ಮಗ ಯಾಕೆ ಬಿಟ್ಟ?" ಅಂತ ಕೇಳುತ್ತಿದ್ದೆ. ಅವರ ಉತ್ತರ: "ಅದೇ ಸಾರ್, ನೀವು ಹೇಳಿದಂಗೇ." ನಾನು ‘ಅಡ್ಡ ಪರಿಣಾಮ’ ಅಂತ ಬರೆದುಕೊಳ್ಳುತ್ತಿದ್ದೆ. ಮುಂದಿನ ಮನೆಯಲ್ಲೂ ಅದೇ. ನೋಡಿ, ಡಾಕ್ಟರುಗಳು ಕೇಳಿದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ, ನಾನು ಕೇಳಿದ್ದಕ್ಕೆ ಬಂತು ಅಂತ ಒಳಗೊಳಗೇ ಖುಷಿ.

ಅದು ಹೊರಗೆ ಬಂದದ್ದಲ್ಲ, ನಾನೇ ಒಳಗೆ ಹಾಕಿದ್ದು. ನಮ್ಮ ಕಡೆ ಮನೆಗೆ ಬಂದವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ ಅಲ್ವಾ? ಅದರಲ್ಲೂ ಬಂದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ, ಬ್ಯಾಗಿದೆ, ಅವನಿಗೂ ಇದೇ ಕಾಯಿಲೆ ಇತ್ತಂತೆ, ಈಗ ಹುಷಾರಾಗಿ ಕೆಲಸದಲ್ಲಿದ್ದಾನೆ. ಅವನು ಹೇಳಿದ್ದಕ್ಕೆ ಹೂಂ ಅಂದರೆ ತಮ್ಮ ಮಗನಿಗೂ ಏನಾದರೂ ದಾರಿ ಆಗಬಹುದು, ಪೆನ್ಶನ್ನಾದರೂ ಸಿಗಬಹುದು ಅಂತ ಅವರ ಲೆಕ್ಕ. ನಾನು ನನ್ನ ನೋವು ಹೇಳಿಕೊಂಡರೆ ಅವರ ಬಾಯಿ ಬಿಚ್ಚುತ್ತದೆ ಅಂದುಕೊಂಡಿದ್ದೆ. ಅವರು ಉತ್ತರವನ್ನು ನನ್ನಿಂದಲೇ ಕಲಿತು ನನಗೇ ಒಪ್ಪಿಸುತ್ತಿದ್ದರು.

ಒಂದು ಮನೆಯನ್ನು ಮರೆಯಲಾರೆ. ಜಗಲಿಯ ಮೇಲೆ ಮಗ ಸುಮ್ನೆ ಕೂತಿದ್ದ, ಮೂವತ್ತು ದಾಟಿದ ವಯಸ್ಸು. ಅಮ್ಮ ಮಜ್ಜಿಗೆ ಕೊಟ್ಟರು. ಗೋಡೆಗೆ ಮೊಳೆ, ಮೊಳೆಗೆ ಆಸ್ಪತ್ರೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಕವರು. ಪಕ್ಕದಲ್ಲಿ ಕ್ಯಾಲೆಂಡರು. ಅದರಲ್ಲಿ ಪ್ರತಿ ಮಂಗಳವಾರದ ಚೌಕದಲ್ಲೂ ಪೆನ್ನಿನಿಂದ ಏನೋ ಸಣ್ಣ ಅಂಕಿ. ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಓಹೋ, ಆಸ್ಪತ್ರೆ ದಿನ ಗುರುತು ಹಾಕಿಕೊಂಡಿದ್ದಾರೆ, ಪಾಪ ಎಷ್ಟು ಶ್ರದ್ಧೆ ಅಂದುಕೊಂಡೆ. ಕೇಳಲಿಲ್ಲ. ‘ಅಡ್ಡ ಪರಿಣಾಮ’ ಅಂತ ಬರೆದು ಎದ್ದೆ.

ಆಫೀಸಿನಲ್ಲಿ ಮೇಡಂ ಒಬ್ಬರಿದ್ದರು, ತಂಡದ ಮುಖ್ಯಸ್ಥರು. ನನ್ನ ಹಾಳೆಗಳನ್ನೂ ಬೇರೆಯವರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಅವರಿಗೆ ಅನುಮಾನ ಬಂತು. ಬೇರೆಯವರ ಹಾಳೆಯಲ್ಲಿ ಹತ್ತಾರು ಕಾರಣ. ನನ್ನದರಲ್ಲಿ ಹೆಚ್ಚುಕಡಿಮೆ ಒಂದೇ. ಆಶಾ ಕಾರ್ಯಕರ್ತೆಯ ಜೊತೆ ಇನ್ನೊಬ್ಬರನ್ನು ಅವೇ ಮನೆಗಳಿಗೆ ಕಳಿಸಿದರು. ಆ ಅಮ್ಮ ಮಂಗಳವಾರದ ಸಂತೆಯಲ್ಲಿ ಸೊಪ್ಪು ಮಾರುವವರು. ಕ್ಯಾಲೆಂಡರಿನಲ್ಲಿದ್ದ ಅಂಕಿ ಸಂತೆಯ ಬಾಕಿ. ಮಗನನ್ನು ಒಬ್ಬನೇ ಬಸ್ಸು ಹತ್ತಿಸೋ ಹಾಗಿಲ್ಲ, ಸಂತೆ ಬಿಟ್ಟರೆ ವಾರದ ದುಡ್ಡು ಹೋಯಿತು. ಮಾತ್ರೆ ನಿಂತದ್ದು ಅದಕ್ಕೆ. ಅವನಿಗೆ ಕೈ ನಡುಕವೇ ಇರಲಿಲ್ಲ. ಕಾರ್ಯಕ್ರಮವನ್ನು ದೂರಲ್ಲ, ಯಾವುದಾದರೂ ಒಂದು ದಿನ ಇಟ್ಟುಕೊಳ್ಳಲೇಬೇಕಲ್ಲ. ಆದರೆ ಈ ಒಂದು ಸಂಗತಿ ಗೊತ್ತಾದರೆ ಪಕ್ಕದ ಮನೆಯವರ ಜೊತೆ ಕಳಿಸೋದೋ, ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿಸೋದೋ, ಏನಾದರೂ ಮಾಡಬಹುದು. ನನ್ನ ಹಾಳೆ ನೋಡಿದವರು ಮಾತ್ರೆ ಬದಲಿಸಿ ಅನ್ನುತ್ತಿದ್ದರು.

ನಾನು ಮಾಡಿದ ಸಂದರ್ಶನಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದರು. ನನ್ನ ಕೆಲಸವನ್ನು ಮುಂದುವರಿಸಲಿಲ್ಲ. ಮೊದಮೊದಲು ಕಾಯಿಲೆ ಇದ್ದವನು ಅಂತ ತೆಗೆದರು ಎಂದು ಕುದಿಯುತ್ತಿದ್ದೆ. ಕಾರಣ ಅದಲ್ಲ ಅಂತ ಒಪ್ಪಿಕೊಳ್ಳೋಕೆ ತುಂಬಾ ದಿನ ಹಿಡಿಯಿತು.

ಹಾಗಂತ ಅನುಭವಕ್ಕೆ ಬೆಲೆಯಿಲ್ಲ ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ಕೆಲಸ ಬಿಡುವಾಗ ಮೇಡಂ ನನಗೆ ಒಂದು ಅಧ್ಯಯನ ಓದಿ ವಿವರಿಸಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಯಾನಾ ರೋಸ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ್ದು. ನಾವು ಕರೆಂಟ್ ಶಾಕ್ ಅನ್ನುತ್ತೇವಲ್ಲ, ಇ.ಸಿ.ಟಿ., ಅದನ್ನು ತಗೊಂಡ ರೋಗಿಗಳು ಏನು ಹೇಳುತ್ತಾರೆ ಅಂತ ಅದುವರೆಗೆ ಬಂದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಿದ್ದರು. ತಂಡದಲ್ಲಿ ಸ್ವತಃ ಇ.ಸಿ.ಟಿ. ತಗೊಂಡವರಿದ್ದರು. ಆಸ್ಪತ್ರೆಯವರು ಕೇಳಿದ ಕಡೆ ಉಪಯೋಗ ಆಯಿತು ಅಂದವರು ಜಾಸ್ತಿ. ರೋಗಿಗಳೇ ಮುಂದೆ ನಿಂತು ಕೇಳಿದ ಕಡೆ ಕಡಿಮೆ. ಕನಿಷ್ಠ ಮೂರರಲ್ಲಿ ಒಂದು ಪಾಲು ಜನ, ನೆನಪು ಹೋಗಿ ಹಾಗೇ ಉಳಿದಿದೆ ಅಂದಿದ್ದರು. ಇದರಲ್ಲಿ ಅವರು ತಮ್ಮ ಕಥೆ ಬರೆದಿರಲಿಲ್ಲ. ತಮ್ಮ ಅನುಭವದಿಂದ ಯಾವುದನ್ನು ಅನುಮಾನದಿಂದ ನೋಡಬೇಕು ಅಂತ ತಿಳಿದುಕೊಂಡಿದ್ದರು: ಯಾರು ಕೇಳಿದರು, ಯಾವಾಗ ಕೇಳಿದರು, ಎಲ್ಲಿ ಕೂತು ಕೇಳಿದರು.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಅನುಭವದ ಜಾಗ ಪ್ರಶ್ನೆ ತಯಾರಾಗುವ ಮೇಜು. ಮನೆ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. ಈಗ ನಾನು ಇನ್ನೊಂದು ಗುಂಪಿನ ಜೊತೆ ಅದೇ ಕೆಲಸ ಮಾಡುತ್ತೇನೆ. ಹಾಳೆಯಲ್ಲಿ ‘ಕೆಲಸಕ್ಕೆ ಹೋಗುತ್ತೀರಾ?’ ಅಂತಿರುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಹಸು, ಒಲೆ, ಮಕ್ಕಳು ಅಂತ ದುಡಿಯುವ ಹೆಂಗಸು ‘ಇಲ್ಲ’ ಅನ್ನುತ್ತಾಳೆ, ಅವಳ ಲೆಕ್ಕ ಅಲ್ಲಿಗೆ ತಪ್ಪಿತು. ನಾವು ‘ಮಾತ್ರೆ ಡಬ್ಬಿ ಯಾರ ಹತ್ತಿರ ಇರುತ್ತೆ?’, ‘ನಿಮ್ಮ ದುಡ್ಡು ಯಾರ ಕೈಲಿ?’, ‘ಮದುವೆ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗ್ತಾರಾ?’ ಅಂತ ಸೇರಿಸಿದೆವು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಎ.ಟಿ.ಎಂ. ಕಾರ್ಡು ನನಗೆ ವಾಪಸ್ ಸಿಗೋಕೆ ಎಷ್ಟು ಒದ್ದಾಡಿದ್ದೆ ಅಂತ ನನಗೆ ಗೊತ್ತು. ಅದಕ್ಕೇ ಅದು ಹೊಳೆಯಿತು. ಆದರೆ ಹಾಳೆಯಲ್ಲಿ ನನ್ನ ಕಾರ್ಡಿನ ಸುದ್ದಿ ಇಲ್ಲ. ಇನ್ನೊಂದು: ಮಾವನೋ ಗಂಡನೋ ಎದುರಿಗೆ ಕೂತಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಎದ್ದು ಹೋಗಿ ಅಂದರೆ ಅನುಮಾನ. ಅದಕ್ಕೆ ಇಬ್ಬರು ಹೋಗುತ್ತೇವೆ. ಒಬ್ಬರು ಹಿತ್ತಲಲ್ಲಿ ಮಾವನ ಜೊತೆ ಮಳೆ, ಕೊಬ್ಬರಿ ರೇಟು ಅಂತ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಒಳಗೆ ಕೇಳುತ್ತಾರೆ.

ಎಂ.ಎಸ್.ಡಬ್ಲ್ಯೂ. ಬೇಕಿದ್ದರೆ ಮಾಡಿ, ಕೆಲಸ ಸಿಗೋಕೆ ಒಳ್ಳೆಯದು. ಆದರೆ ಅನುಭವದ ಜೊತೆಗೆ ಒಂದು ಸರ್ಟಿಫಿಕೇಟ್ ಇದ್ದರೆ ಮರ್ಯಾದೆ ಅನ್ನೋ ಕಾರಣಕ್ಕಾದರೆ ಬೇಡ. ಸಂದರ್ಶನ ಮಾಡೋದನ್ನು ಕಲಿಸಿ ಅಂತ ತಂಡದವರನ್ನೇ ಕೇಳಿ. ನಾನು ಅದನ್ನು ಕೇಳಲೇ ಇಲ್ಲ, ಅವರೂ ಇವನಿಗೆ ಅನುಭವ ಇದೆಯಲ್ಲ ಅಂತ ಬಿಟ್ಟರು.

ಶುಕ್ರವಾರ ಮೀಟಿಂಗ್ ಇದೆ ಅಂದಿದ್ದೀರಿ. ಅಲ್ಲಿ ಮೊದಲು ಪ್ರಶ್ನೆ ಹಾಳೆ ತೋರಿಸಿ ಅನ್ನಿ. ಅದು ಆಗಲೇ ಪ್ರಿಂಟಾಗಿ, ಅನುಮೋದನೆಯಾಗಿ ಬಂದಿದ್ದರೆ ನಿಮ್ಮನ್ನು ಕರೆದದ್ದು ಫೀಲ್ಡ್ ಕೆಲಸಕ್ಕೆ. ಸಂಬಳ ಸರಿಯಿದ್ದರೆ ಹಾಗಂತಲೇ ಒಪ್ಪಿಕೊಳ್ಳಿ, ಬೇರೆ ಹೆಸರು ಬೇಡ ಅನ್ನಿ. ‘ಗೌರವಧನ’ ಅಂದರೆ ಹುಷಾರು. ಅದೇ ಕೆಲಸಕ್ಕೆ ಬೇರೆಯವರಿಗೆ ಎಷ್ಟು ಕೊಡುತ್ತಾರೋ ಅಷ್ಟೇ ಕೇಳಿ. ಹುಷಾರು ತಪ್ಪಿದರೆ ರಜೆ ಹೇಗೆ ಅನ್ನೋದನ್ನೂ ಆಗಲೇ ಮಾತಾಡಿ. ಬೇರೆಯವರ ಕಥೆ ಕೇಳಿ ಕೇಳಿ ನಿಮ್ಮದು ಕೆದಕಿ ಮೇಲೆ ಬರುತ್ತದೆ. ನನಗೆ ಬಂದಿತ್ತು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಕಾಯಿಲೆಯ ಹೆಸರು ಫೋಟೋ, ಪೋಸ್ಟರ್, ವರದಿ ಯಾವುದರಲ್ಲೂ ನಿಮ್ಮನ್ನು ಕೇಳದೆ ಬರಬಾರದು ಅಂತ ಬರವಣಿಗೆಯಲ್ಲಿ ತಗೊಳ್ಳಿ. ಹಾಗೆ ಕೇಳಿದರೆ ದೊಡ್ಡಸ್ತಿಕೆ ಆಗುತ್ತೆ ಅಂತ ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕೂ ಇದೆ, ಸಂಶೋಧನೆಗೆ ಒಪ್ಪಿಗೆ ಪಡೆಯಲೇಬೇಕು ಅಂತಲೂ ಇದೆ. ಅಪ್ಪ ಬೇಡ ಅನ್ನುತ್ತಿದ್ದಾರೆ, ತಂಗಿ ಮದುವೆ ಮಾತು ನಡೀತಿದೆ ಅಂತ ಬರೆದಿದ್ದೀರಿ. ಅಪ್ಪನ ಭಯ ಸುಳ್ಳಲ್ಲ. ನಿಮ್ಮ ತಾಲ್ಲೂಕು ಬಿಟ್ಟು ಪಕ್ಕದ ತಾಲ್ಲೂಕಿಗೆ ಹಾಕಿ ಅಂತ ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಬಸ್ ಚಾರ್ಜು ಅವರೇ ಕೊಡಬೇಕು, ಅದನ್ನೂ ಬರೆಸಿಕೊಳ್ಳಿ.