ಚಾಕೊಲೇಟ್ ತರಿತರಿ ಆಗೋದು, ಫ್ರಿಜ್‌ನಿಂದ ತೆಗೆದ ಕೂಡಲೇ ಕರಗೋದು

ತೆಂಗಿನೆಣ್ಣೆ ಹಾಕಿ ಮನೆಯಲ್ಲೇ ಮಾಡಿದ ಸಕ್ಕರೆ ಇಲ್ಲದ ಚಾಕೊಲೇಟ್ ಯಾಕೆ ಹೀಗಾಗುತ್ತೆ ಅಂತ ನೀವು ಕೇಳಿದ್ದಿರಿ. ತರಿತರಿ ಆಗೋಕೆ ಕಾರಣ ಎರಿಥ್ರಿಟಾಲ್ (ಸಕ್ಕರೆ ಬದಲು ಬಳಸೋ ಒಂದು ಸಿಹಿ) ಕಾಳು ಇರಬೇಕು. ಅದು ಎಣ್ಣೆ, ಬೆಣ್ಣೆಯಲ್ಲಿ ಕರಗುವುದಿಲ್ಲ, ಎಷ್ಟು ಕಲಕಿದರೂ ಅಷ್ಟೇ. ಯಾವ ಸಿಹಿ ಹಾಕಿದಿರಿ ಅಂತ ನೀವು ಬರೆದಿಲ್ಲ, ಹಾಗಾಗಿ ಇದು ಊಹೆ. ತಿಂದಾಗ ನಾಲಿಗೆ ತಣ್ಣಗಾದ ಹಾಗೆ ಅನಿಸಿದರೆ ಅದೇ. ಬೇಗ ಕರಗೋದು ಮಾತ್ರ ಖಂಡಿತ ತೆಂಗಿನೆಣ್ಣೆಯಿಂದ, ಅದು ಸುಮಾರು 24 ಡಿಗ್ರಿಗೇ ನೀರಾಗುತ್ತದೆ, ನಮ್ಮ ಬೇಸಿಗೆಗೆ ಆಗಿಬರಲ್ಲ.

ಮೊದಲು ಎರಿಥ್ರಿಟಾಲನ್ನು ಒಣ ಮಿಕ್ಸಿ ಜಾರಿಗೆ ಹಾಕಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಮುಚ್ಚಳ ತಕ್ಷಣ ತೆಗೆಯಬೇಡಿ, ಆ ಧೂಳು ಮೂಗಿಗೆ ಹೋದರೆ ಸೀನಿ ಸೀನಿ ಸಾಕಾಗುತ್ತೆ. ಆಮೇಲೆ ತೆಂಗಿನೆಣ್ಣೆ ಬದಲು 100 ಗ್ರಾಂ ಕೋಕೋ ಬಟರನ್ನು (ಕೋಕೋ ಬೀಜದ ಕೊಬ್ಬು) ಬಿಸಿನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಕರಗಿಸಿ, 50 ಗ್ರಾಂ ಕೋಕೋ ಪುಡಿ, 40 ಗ್ರಾಂ ಆ ಸಿಹಿ ಪುಡಿ, ಚಿಟಿಕೆ ಉಪ್ಪು ಸೇರಿಸಿ. ಬಟ್ಟಲು, ಚಮಚ ಎರಡೂ ಒಣಗಿರಬೇಕು, ಹನಿ ನೀರು ಬಿದ್ದರೂ ಗಂಟು ಕಟ್ಟುತ್ತದೆ. ಸಿಹಿ ಸಾಲದಿದ್ದರೆ ಪುಡಿ ಜಾಸ್ತಿ ಸುರಿಯಬೇಡಿ, ಒಂದೆರಡು ಹನಿ ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ) ಸಾಕು, ಆದರೆ ನೀರು ಬೆರೆಸಿದ್ದು ಬೇಡ, ಎಣ್ಣೆಯಲ್ಲಿ ಇರೋದು.

ಅಚ್ಚಿಗೆ ಅರ್ಧ ಹಾಕಿ 10 ನಿಮಿಷ ಫ್ರಿಜ್‌ನಲ್ಲಿಡಿ. ಗಟ್ಟಿಯಾದ ಮೇಲೆ ಸಕ್ಕರೆ ಇಲ್ಲದ ಪೀನಟ್ ಬಟರ್ ಒಂದೊಂದು ಚಮಚ ಇಟ್ಟು, ಮೇಲೆ ಉಳಿದದ್ದು ಸುರಿಯಿರಿ. ಪೀನಟ್ ಬಟರ್ ಡಬ್ಬಿಯ ಹಿಂದೆ ಸಕ್ಕರೆ ಇದೆಯಾ ನೋಡಿ, ಮಾಲ್ಟಿಟಾಲ್ ಅಂತ ಇದ್ದರೂ ಅದನ್ನು ಕೊಳ್ಳಬೇಡಿ, ಸಕ್ಕರೆ ಬದಲು ಹಾಕೋ ಆ ಸಿಹಿಯೂ ರಕ್ತದ ಸಕ್ಕರೆ ಏರಿಸುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಜೈಲಿಟಾಲ್ ಅನ್ನೋ ಇನ್ನೊಂದು ಸಿಹಿ ಹಾಕಲೇಬೇಡಿ, ಅವಕ್ಕೆ ವಿಷ.